ಹರ್ಪಿಸ್ ಪರೀಕ್ಷೆ: ರಕ್ತ ಹೇಳುವುದೆಷ್ಟು?

ಮದುವೆಗೆ ಮುಂಚಿನ ತಪಾಸಣೆಯ ಪ್ಯಾಕೇಜು, ಗರ್ಭಪಾತವಾದ ಹೆಣ್ಣುಮಗಳಿಗೆ ಬರೆದುಕೊಡುವ, ತಾಯಿಯಿಂದ ಮಗುವಿಗೆ ದಾಟಬಲ್ಲ ಸೋಂಕುಗಳನ್ನು ಹುಡುಕುವ ಟಾರ್ಚ್ ಟೆಸ್ಟು, ಹೆದರಿದವರು ಯಾರಿಗೂ ಹೇಳದೆ ಹೋಗಿ ಮಾಡಿಸಿಕೊಳ್ಳುವ ಎಸ್‌ಟಿಡಿ ಪ್ರೊಫೈಲು. ಇವುಗಳ ರಿಪೋರ್ಟಿನಲ್ಲಿ ಹರ್ಪಿಸ್‌ಗೆ ಸಾಮಾನ್ಯವಾಗಿ ಒಂದೆರಡು ಸಾಲು ಮೀಸಲು: ಎಚ್‌ಎಸ್‌ವಿ ಐಜಿಜಿ, ಎಚ್‌ಎಸ್‌ವಿ ಐಜಿಎಂ, ಅಂದರೆ ಹರ್ಪಿಸ್ ವೈರಸ್‌ನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಪಕ್ಕದಲ್ಲಿ 'ಪಾಸಿಟಿವ್' ಎಂದಿದ್ದರೆ ಓದಿದವರ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಸಾಲು ಬಹಳಷ್ಟು ಸಲ ಅವರ ಪ್ರಶ್ನೆಗೆ ಉತ್ತರವೇ ಆಗಿರುವುದಿಲ್ಲ. ಲಕ್ಷಣವೇ ಇಲ್ಲದವರ ರಕ್ತದಲ್ಲಿ ಹರ್ಪಿಸ್ ಹುಡುಕುವ ಈ ರೂಢಿಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದು ನಾನು ನಂಬಿದ್ದೇನೆ.

ಈ ವೈರಸ್‌ನಲ್ಲಿ ಎರಡು ಬಗೆ. ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ ನೀರ್ಗುಳ್ಳೆ ಹೆಚ್ಚಾಗಿ ಒಂದನೇ ಬಗೆಯದು. ಬಹುತೇಕರಿಗೆ ಚಿಕ್ಕಂದಿನಲ್ಲೇ, ಮನೆಯವರ ಮುತ್ತಿನಿಂದಲೇ ಅಂಟಿರುತ್ತದೆ. ಎರಡನೆಯದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೆಯದಿದೆ. 15ರಿಂದ 49 ವರ್ಷದ ಸುಮಾರು 52 ಕೋಟಿ ಜನರಲ್ಲಿ ಎರಡನೆಯದಿದೆ. ಇಷ್ಟು ಹರಡಿರುವ ವೈರಸ್‌ನ ಬಗೆಯನ್ನೇ ಬೇರ್ಪಡಿಸದೆ 'ಪಾಸಿಟಿವ್' ಎಂದು ಬರೆದುಕೊಟ್ಟರೆ ಓದಿದವರು ಏನೆಂದು ತಿಳಿಯಬೇಕು?

ಐಜಿಎಂ ಪರೀಕ್ಷೆಯನ್ನಂತೂ ಕೈಬಿಡುವುದೇ ಸರಿ. ಅದು ಎರಡು ಬಗೆಗಳನ್ನು ನಂಬುವಂತೆ ಬೇರೆ ಮಾಡಲಾರದು, ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಬರಬಹುದು. ಹಾಗಾಗಿ ಸೋಂಕು ಹೊಸದೆಂದು ಹೇಳುವ ಅರ್ಹತೆಯೇ ಅದಕ್ಕಿಲ್ಲ. ಬಗೆ ಗುರುತಿಸುವ ಐಜಿಜಿ ಪರೀಕ್ಷೆ ಇದಕ್ಕಿಂತ ಮೇಲು, ಆದರೆ ಅದಕ್ಕೂ ಮಿತಿಗಳಿವೆ. ಸೋಂಕು ತಗುಲಿ ಹನ್ನೆರಡು ವಾರ ಆಗುವವರೆಗೆ ಅದರ ನೆಗೆಟಿವ್ ಅನ್ನು ನಂಬುವಂತಿಲ್ಲ. ಎರಡನೇ ಬಗೆಯ ಸೂಚ್ಯಂಕ 1.1 ದಾಟಿ 3ರೊಳಗೇ ನಿಂತಿದ್ದರೆ ಫಲಿತಾಂಶ ಸುಳ್ಳಾಗಿರುವ ಸಂಭವ ದೊಡ್ಡದು. ಇನ್ನೊಂದು ವಿಧಾನದಿಂದ ಖಚಿತಪಡಿಸಿಕೊಳ್ಳಲೇಬೇಕು. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, ಲಕ್ಷಣವಿಲ್ಲದವರಿಗೆ, ಗರ್ಭಿಣಿಯರನ್ನೂ ಸೇರಿಸಿ, ಈ ರಕ್ತಪರೀಕ್ಷೆ ಬೇಡವೆಂದು 2016ರಲ್ಲಿ ಹೇಳಿತು, 2023ರಲ್ಲಿ ಅದನ್ನೇ ಮತ್ತೆ ಹೇಳಿತು. ಪಾಸಿಟಿವ್ ಫಲಿತಾಂಶಗಳಲ್ಲಿ ಹತ್ತಿರ ಹತ್ತಿರ ಅರ್ಧ ಸುಳ್ಳಾಗಿರಬಹುದು ಎಂಬುದು ಅದರ ಮುಖ್ಯ ಕಾರಣಗಳಲ್ಲೊಂದು.

ಫಲಿತಾಂಶ ನಿಜವಾಗಿದ್ದರೂ ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ರಕ್ತ ಹೇಳುವುದಿಲ್ಲ. ವರ್ಷಗಟ್ಟಲೆ ಒಂದು ಗುಳ್ಳೆಯೂ ಏಳದೆ ವೈರಸ್ ನರದ ಬುಡದಲ್ಲಿ ಅಡಗಿರಬಲ್ಲದು. ಹೀಗಿದ್ದೂ ಆ ಕಾಗದ ಹಿಡಿದು ಹೆಂಡತಿಯ ನಡತೆ ಅಳೆಯಲು ಹೊರಡುವ ಮನೆಗಳಿವೆ. ಪ್ರಯೋಗಾಲಯ ರಿಪೋರ್ಟಿನ ಕೆಳಗೆ ಒಂದು ಸಾಲಿನ ವಿವರಣೆಯನ್ನೂ ಹಾಕದಿರುವುದನ್ನು ನಾನು ಸಣ್ಣ ಲೋಪವೆಂದು ಒಪ್ಪುವುದಿಲ್ಲ.

ನಿಜಕ್ಕೂ ಉಪಯೋಗಕ್ಕೆ ಬರುವ ಪರೀಕ್ಷೆ ಹುಣ್ಣಿನದು. ಗುಳ್ಳೆ ಎದ್ದ ಮೊದಲ ದಿನಗಳಲ್ಲೇ, ಹಕ್ಕಳೆ ಕಟ್ಟುವ ಮುನ್ನ, ಅಲ್ಲಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿದರೆ ಹರ್ಪಿಸ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆ ಎಂಬುದು ತಿಳಿಯುತ್ತದೆ. ಜನನಾಂಗದಲ್ಲಿ ಒಂದನೇ ಬಗೆಯಾದರೆ ಮರುಕಳಿಸುವುದು ಕಡಿಮೆ, ಆದ್ದರಿಂದ ಬಗೆ ತಿಳಿಯುವುದು ಮುಖ್ಯ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಕೆಂಪು ಕಿಟ್ ಕೊಡುತ್ತಾರೆ, ಅದರಲ್ಲಿರುವುದು ಏಸೈಕ್ಲೋವಿರ್. ಬಡವರಿಗೆ ಪುಕ್ಕಟೆಯಾಗಿ, ಅಂದೇ ಮದ್ದು ಸಿಗುವ ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದು ಒಂದು ಸಲದ ಹುಣ್ಣಿಗೆ ಮದ್ದು. ಸಂಗಾತಿಯನ್ನು ಮುಂದಿನ ವರ್ಷಗಳಲ್ಲಿ ಕಾಯುವ ಕೆಲಸ ಬೇರೆಯೇ.

ಆ ಕೆಲಸಕ್ಕೆ ಒಳ್ಳೆಯ ಪುರಾವೆ ಇದೆ. ಒಬ್ಬರಿಗೆ ಎರಡನೇ ಬಗೆಯ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸೋಂಕಿದ್ದವರು ದಿನಕ್ಕೊಂದು 500 ಮಿ.ಗ್ರಾಂ ವ್ಯಾಲಸೈಕ್ಲೋವಿರ್ ನುಂಗಿದ ಜೋಡಿಗಳಲ್ಲಿ ಎಂಟು ತಿಂಗಳಲ್ಲಿ ಹರಡುವಿಕೆ ಶೇ. 48ರಷ್ಟು ಇಳಿಯಿತು. ಅರ್ಧ ಇಳಿಯಿತು, ನಿಲ್ಲಲಿಲ್ಲ. ಎಚ್‌ಐವಿಯೂ ಇದ್ದವರಲ್ಲಿ ಏಸೈಕ್ಲೋವಿರ್ ಈ ಫಲ ಕೊಡಲಿಲ್ಲವೆಂಬುದನ್ನೂ ಮರೆಯಬಾರದು. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟಬಲ್ಲದು. ಉರಿ, ಚಿಮುಚಿಮು ಶುರುವಾದಾಗಿನಿಂದ ಹುಣ್ಣು ಪೂರ್ತಿ ಮಾಯುವವರೆಗೆ ದೂರವಿರಬೇಕು. ಅಷ್ಟೇ ಸಾಕೆಂದುಕೊಂಡರೆ ತಪ್ಪು, ಏಕೆಂದರೆ ಹುಣ್ಣು ಕಾಣದ ದಿನಗಳಲ್ಲೂ ವೈರಸ್ ಚರ್ಮದ ಮೇಲೆ ಬರುತ್ತದೆ, ಹೆಚ್ಚಿನ ಹರಡುವಿಕೆ ಆಗುವುದು ಆಗಲೇ.

ನನ್ನನ್ನು ಹೆಚ್ಚು ತಟ್ಟಿದ್ದು 2006ರ ಇನ್ನೊಂದು ಅಧ್ಯಯನ. ಹೊಸದಾಗಿ ಸೋಂಕಾದವರಲ್ಲಿ, ಸಂಗಾತಿ ತನಗೆ ಹರ್ಪಿಸ್ ಇದೆಯೆಂದು ಮೊದಲೇ ಹೇಳಿದ್ದವರಿಗೆ ಅದು ತಗುಲಲು ಮಧ್ಯಮ ಲೆಕ್ಕದಲ್ಲಿ 270 ದಿನ ಹಿಡಿದಿತ್ತು. ಹೇಳದಿದ್ದವರ ಸಂಗಾತಿಗಳಿಗೆ 60 ದಿನ. ಬಾಯಿಬಿಟ್ಟು ಹೇಳಿದ ಮಾತಿಗೆ ಇಷ್ಟು ಬಲ! ಅದನ್ನು ಹೇಳಲು ಧೈರ್ಯ ತುಂಬುವ ಹತ್ತು ನಿಮಿಷ ನಮ್ಮ ಒಪಿಡಿಗಳಲ್ಲಿ ಸಿಗುವುದಿಲ್ಲ. ಬಗೆ ಗುರುತಿಸುವ ರಕ್ತಪರೀಕ್ಷೆಗೆ ನ್ಯಾಯವಾದ ಜಾಗವೂ ಈ ಮಾತಿನ ನಂತರವೇ ಇದೆ. ಒಬ್ಬರಿಗೆ ಸೋಂಕು ಖಚಿತವಾದಾಗ ಇನ್ನೊಬ್ಬರಿಗೆ ಈಗಾಗಲೇ ಇದೆಯೇ ಎಂದು ನೋಡಿಕೊಂಡರೆ, ಇಬ್ಬರಿಗೂ ಎರಡನೇ ಬಗೆಯೇ ಇದ್ದಲ್ಲಿ ಪರಸ್ಪರ ಅಂಟಿಸುವ ಚಿಂತೆ ಬಹುಮಟ್ಟಿಗೆ ತೀರುತ್ತದೆ.

ಟಾರ್ಚ್ ಟೆಸ್ಟು ಸೋಲುವುದೂ ಇಲ್ಲಿಯೇ. ಮಗುವಿಗೆ ದೊಡ್ಡ ಅಪಾಯವಿರುವುದು ತಾಯಿಗೆ ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ಸೋಂಕು ತಗುಲಿದಾಗ. ಹಳೆಯ ಸೋಂಕಿದ್ದವರ ಮಕ್ಕಳಿಗೆ ಅಪಾಯ ಬಹಳ ಕಡಿಮೆ. ಆದ್ದರಿಂದ ಗಂಡನನ್ನೂ ಕೂರಿಸಿಕೊಂಡು, ಇಬ್ಬರಿಗೂ ತುಟಿಯಲ್ಲಿ, ಜನನಾಂಗದಲ್ಲಿ ಎಂದಾದರೂ ಗುಳ್ಳೆ ಎದ್ದಿದ್ದುಂಟೇ ಎಂದು ಕೇಳಬೇಕು. ಗಂಡನಿಗೆ ಇದ್ದು ಹೆಂಡತಿಗೆ ಇಲ್ಲವಾದರೆ ಆ ಮೂರು ತಿಂಗಳು ಸಂಪರ್ಕವನ್ನು, ತುಟಿಯಲ್ಲಿ ಗುಳ್ಳೆ ಬರುವವನಾದರೆ ಮುಖಮೈಥುನವನ್ನೂ ಬಿಡಲು ಹೇಳಬೇಕು. ಹೆರಿಗೆಯ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಮಾಡುತ್ತಾರೆ. ತಾಯಿ ಕಾರ್ಡಿನಲ್ಲಿ ಈ ಪ್ರಶ್ನೆಗೆ ಎರಡು ಸಾಲಿನ ಜಾಗ ಮಾಡಿಕೊಡಬೇಕು, ಒಂದು ಅವಳದು, ಇನ್ನೊಂದು ಅವನದು.