'ಕೋಮಲ್' ಮುಗಿದ ಮೇಲೆ ಉಳಿಯುವ ಪಾಠ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಜೊತೆ ಅವರ ದೇಹದ ಬಗ್ಗೆ ನೇರವಾಗಿ ಮಾತಾಡುವ ಪಾಠ ಅಂತ ಏನಾದರೂ ಇದ್ದರೆ ಅದು 'ಗುಡ್ ಟಚ್, ಬ್ಯಾಡ್ ಟಚ್' ಒಂದೇ. ಎಷ್ಟೋ ಕಡೆ ಈ ಪಾಠವೆಂದರೆ 'ಕೋಮಲ್' ಎಂಬ, ಸುಮಾರು ಹತ್ತು ನಿಮಿಷದ ಅನಿಮೇಷನ್ ಚಿತ್ರವನ್ನು ತೋರಿಸುವುದು. ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಮಾಡಿಸಿದ ಈ ಚಿತ್ರ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಶೈಕ್ಷಣಿಕ ಚಿತ್ರದ ಗೌರವವನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತ್ತು. ಅದು ಚೆನ್ನಾಗಿದೆಯೇ ಎಂದು ಕೇಳಿದರೆ ಖಂಡಿತ ಹೌದು ಎನ್ನುತ್ತೇನೆ. ಅದೊಂದೇ ಸಾಕೇ ಎಂದರೆ, ಸಾಲದು.

ಚಿತ್ರದ ದೊಡ್ಡ ಗುಣ ಅದರ ಖಳನ ಆಯ್ಕೆಯಲ್ಲಿದೆ. ಪುಟ್ಟ ಹುಡುಗಿ ಕೋಮಲ್‌ಗೆ ತೊಂದರೆ ಕೊಡುವವನು ಚೀಲ ಹಿಡಿದು ಬರುವ ಮಕ್ಕಳ ಕಳ್ಳನಲ್ಲ, ಅವಳ ಅಪ್ಪನ ಸ್ನೇಹಿತ, ನೆರೆಮನೆಯ ಬಕ್ಷಿ ಅಂಕಲ್. ಆಟವಾಡಿಸಿ, ನಗಿಸಿ, ಮನೆಮಂದಿಯ ನಂಬಿಕೆ ಗಳಿಸಿದವನು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಶೇ 53.22ರಷ್ಟು, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅದನ್ನು ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಕ್ಕಳಿಗೆ ಗೊತ್ತಿದ್ದವರು, ಮಕ್ಕಳು ನಂಬಿದ್ದವರು. 'ಅಪರಿಚಿತರು ಚಾಕೊಲೇಟ್ ಕೊಟ್ಟರೆ ತಗೋಬೇಡ' ಎಂದಷ್ಟೇ ಹೇಳಿ ಮಕ್ಕಳನ್ನು ಬೆಳೆಸಿದ ನಮಗೆ ಈ ಚಿತ್ರ ಹೇಳಲೇಬೇಕಾದದ್ದನ್ನು ಹೇಳಿತು. ಇನ್ನೊಂದು ಮುಖ್ಯ ಸಂಗತಿ: ಕೋಮಲ್ ಬಾಯಿಬಿಟ್ಟಾಗ ಅಪ್ಪ ಅಮ್ಮ ಅವಳನ್ನು ನಂಬುತ್ತಾರೆ. ಮಗುವಿನದೇನೂ ತಪ್ಪಿಲ್ಲ ಎಂಬುದನ್ನು ಚಿತ್ರ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ.

ಆದರೆ ಅದೇ ಅಧ್ಯಯನದಲ್ಲಿ, ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ ಮಕ್ಕಳಲ್ಲಿ ಶೇ 52.94 ಮಂದಿ ಗಂಡುಮಕ್ಕಳು. ಕೋಮಲ್ ಕಥೆ ನೋಡುತ್ತಾ ಕೂತ ಮೂರನೇ ತರಗತಿಯ ಹುಡುಗ 'ಇದು ಹುಡುಗಿಯರ ಪಾಠ' ಅಂದುಕೊಂಡರೆ ಅವನನ್ನು ದೂರುವಂತಿಲ್ಲ. ಅವನಿಗೂ ಇಂಥದ್ದು ಆಗಬಹುದು, ಆದರೆ ಅವನೂ ಹೇಳಿಕೊಳ್ಳಬಹುದು ಎಂಬ ಮಾತು ಟೀಚರ್ ಬಾಯಿಂದಲೇ ಬರಬೇಕು. ಚಿತ್ರ ಮುಗಿದ ಕೂಡಲೇ ಪ್ರೊಜೆಕ್ಟರ್ ಆರಿಸಿದರೆ ಅದು ಬರುವುದೇ ಇಲ್ಲ.

ತುಟಿ, ಎದೆ, ಕಾಲುಗಳ ನಡುವೆ, ಹಿಂಭಾಗ ಎಂದು ಗುರುತು ಹಾಕಿ ಕಲಿಸುವ ಕ್ರಮದಲ್ಲೂ ಒಂದು ಕೊರತೆಯಿದೆ. ಗುರುತು ಹಾಕುತ್ತೇವೆ, ಹೆಸರು ಹೇಳುವುದಿಲ್ಲ. ಕಣ್ಣು, ಮೂಗು, ಮೊಣಕೈ ಎಂದು ಸಲೀಸಾಗಿ ಕಲಿಸುವ ನಾವು ಸೊಂಟದ ಹತ್ತಿರ ಬಂದಾಗ 'ಶೇಮ್ ಶೇಮ್' ಎಂದು ನಗುತ್ತೇವೆ. ನಾಚಿಕೆ ಪಡಬೇಕಾದ ಜಾಗ ಎಂದು ಎರಡು ವರ್ಷಕ್ಕೇ ಕಲಿತ ಮಗು ಏಳನೇ ವಯಸ್ಸಿನಲ್ಲಿ ಆ ಜಾಗಕ್ಕೆ ಏನಾಯಿತೆಂದು ಯಾವ ಬಾಯಲ್ಲಿ ಹೇಳಬೇಕು? ಮುಂದೆ ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕಾಗಿ ಬಂದರೆ? ಜೊತೆಗೆ, ಎಲ್ಲ ದೌರ್ಜನ್ಯವೂ ಮುಟ್ಟಿಯೇ ನಡೆಯುವುದಿಲ್ಲ. ಮೊಬೈಲಿನಲ್ಲಿ ಏನನ್ನೋ ತೋರಿಸುವುದು, ಬಟ್ಟೆ ತೆಗೆಸಿ ಫೋಟೊ ಹಿಡಿಯುವುದು ಕೂಡ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. 'ಟಚ್' ಎಂಬ ಚೌಕಟ್ಟಿನಲ್ಲಿ ಇವಕ್ಕೆ ಜಾಗವೇ ಇಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 'ನೋ ಅಂತ ಕೂಗು, ಓಡು, ಹೇಳು' ಎಂಬ ಸೂತ್ರ. ತರಗತಿಯಲ್ಲಿ ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಸಂಜೆ ಮನೆಗೆ ನೆಂಟರು ಬಂದಾಗ 'ಬಾ, ಮಾಮಂಗೆ ಒಂದು ಮುತ್ತು ಕೊಡು' ಎನ್ನುತ್ತೇವೆ. ಅಮ್ಮನ ಸೆರಗಿನ ಹಿಂದೆ ಅಡಗಿದ ಮಗುವಿಗೆ 'ದೊಡ್ಡೋರಿಗೆ ಹಂಗೆಲ್ಲ ಮಾಡ್ಬಾರ್ದು' ಎಂದು ಗದರುತ್ತೇವೆ. ದಿನವೂ ಬೇಡ ಎನ್ನಲು ನಾವು ಬಿಡದ ಮಗು, ತನಗಿಂತ ನಾಲ್ಕು ಪಟ್ಟು ತೂಕದ ಮನುಷ್ಯನ ಮುಂದೆ ಒಮ್ಮೆಗೇ ಬೇಡ ಎಂದು ಕೂಗಬೇಕೆಂದು ನಿರೀಕ್ಷಿಸುವುದು ಕ್ರೂರ. ಕೂಗಲಾಗದ ಮಗು ಆಮೇಲೆ ತನ್ನನ್ನೇ ಹಳಿದುಕೊಳ್ಳುತ್ತದೆ. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಚಿಕ್ಕ ಮಕ್ಕಳಿಗಾಗಿ ರೂಪಿಸಿದ 'ಪ್ಯಾಂಟ್ಸ್' ನಿಯಮಗಳಲ್ಲಿ ನಾವು ತೆಗೆದುಕೊಳ್ಳಬಹುದಾದ ಒಂದು ಅಂಶವಿದೆ: ನಿನ್ನ ಮನಸ್ಸಿಗೆ ಕಸಿವಿಸಿ ಮಾಡುವ ಗುಟ್ಟನ್ನು ಬಚ್ಚಿಡಬೇಡ ಎಂಬುದು. 'ಯಾರಿಗೂ ಹೇಳಬೇಡ' ಎಂಬುದೇ ದೌರ್ಜನ್ಯ ಎಸಗುವವರ ಮುಖ್ಯ ಆಯುಧವಾದ್ದರಿಂದ, ಕೂಗುವುದಕ್ಕಿಂತ ಇದು ಮಗುವಿನ ಕೈಗೆಟುಕುವ ಕೆಲಸ. ಅಮ್ಮನ ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಬೇರೆ, ಹೊಟ್ಟೆಯೊಳಗೆ ಸಂಕಟ ಮಾಡುವ ಗುಟ್ಟು ಬೇರೆ ಎಂಬುದು ಒಂದನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಇನ್ನು ಆರೋಗ್ಯದ ಪಾಠ. ದೇಹವೆಂದರೆ ಅಪಾಯ ಎಂದು ಕಲಿಸಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಐದು, ಆರನೇ ತರಗತಿಯಲ್ಲೇ ಮೈನೆರೆಯುವ ಹುಡುಗಿಯರಿದ್ದಾರೆ. ಕರ್ನಾಟಕದ 'ಶುಚಿ' ಯೋಜನೆಯ ಸ್ಯಾನಿಟರಿ ಪ್ಯಾಡ್ 10 ವರ್ಷದಿಂದಲೇ ಬೇಕು ಎಂದು ಸರ್ಕಾರವೇ ಲೆಕ್ಕ ಹಾಕಿದೆ. ಹೀಗಿದ್ದೂ 2025ರಲ್ಲಿ ರಾಜ್ಯದ ಶಿಕ್ಷಣ ಸಚಿವರು ಲೈಂಗಿಕ ಶಿಕ್ಷಣದ ತರಗತಿಗಳನ್ನು ಪ್ರಕಟಿಸಿದಾಗ ಅವು 8ರಿಂದ 12ನೇ ತರಗತಿಯವರಿಗೆ ಎಂದರು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನೇ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಲ್ಲಿಂದ ಇಲ್ಲಿಗೆ ಬಂದದ್ದು ದೊಡ್ಡ ಹೆಜ್ಜೆಯೇ. ಆದರೆ ರಕ್ತ ಕಂಡು ತನಗೇನೋ ರೋಗ ಬಂತೆಂದು ಶಾಲೆಯ ಶೌಚಾಲಯದಲ್ಲಿ ಅಳುವ ಆರನೇ ತರಗತಿಯ ಹುಡುಗಿಗೆ ಎಂಟನೇ ತರಗತಿಯ ಪಾಠ ಎರಡು ವರ್ಷ ತಡ. ಅವಳ ಲಂಗದ ಕಲೆ ನೋಡಿ ನಗುವ ಹುಡುಗರಿಗೂ ಅಷ್ಟೇ ತಡ. ಆ ಹುಡುಗರನ್ನು ಹೊರಗೆ ಆಡಲು ಕಳಿಸಿ ಹುಡುಗಿಯರಿಗೆ ಮಾತ್ರ ಪಿಸುಮಾತಿನಲ್ಲಿ ಹೇಳುವ ಪದ್ಧತಿಯನ್ನು ಮೊದಲು ಬಿಡಬೇಕು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಲೈಂಗಿಕ ಶಿಕ್ಷಣ 9ನೇ ತರಗತಿಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಶುರುವಾಗಬೇಕು ಎಂದಿತು.

ಪಾಠ ಮಾಡುವವರ ಸಿದ್ಧತೆಯ ಮಾತೂ ಇದೆ. ಚಿತ್ರ ಮುಗಿದ ಮೇಲೆ ಒಂದು ಮಗು ಟೀಚರ್ ಹತ್ತಿರ ಬಂದು 'ನಂಗೂ ಹಿಂಗೇ ಆಯ್ತು ಮಿಸ್' ಎಂದರೆ? ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಶಾಲೆಯ ಹೆಸರು ಕೆಡುತ್ತದೆಂದು ಹೆದರಿ 'ಮನೇಲಿ ಹೇಳು ಪುಟ್ಟಾ' ಎಂದು ಕಳಿಸಿದರೆ, ತೊಂದರೆ ಕೊಟ್ಟವನು ಆ ಮನೆಯಲ್ಲೇ ಇದ್ದಿರಬಹುದು. ಹಾಗಾಗಿ ಮಕ್ಕಳಿಗೆ ತೋರಿಸುವ ಮೊದಲು 'ಕೋಮಲ್' ಅನ್ನು ಶಿಕ್ಷಕರು ನೋಡಿ ಚರ್ಚಿಸಬೇಕು. ಮಗು ಹೇಳಿದಾಗ ಯಾರು ಕೇಳಿಸಿಕೊಳ್ಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಕರೆ ಮಾಡಬೇಕು ಎಂದು ಮುಂಚೆಯೇ ತೀರ್ಮಾನಿಸಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಂದೆ ತಾಯಂದಿರಿಗೂ ತೋರಿಸಿ, ಕೋಮಲ್‌ಳ ಅಪ್ಪ ಅಮ್ಮ ಮಗಳ ಮಾತು ಕೇಳಿಸಿಕೊಳ್ಳುವ ಭಾಗವನ್ನು ಎರಡು ಸಲ ಹಾಕಬೇಕು.