ರೈಲು ಬಂತು, ದಾರಿ ಬರಲಿಲ್ಲ

ಕುಷಾಯಿಗೂಡದ ನಮ್ಮ ಕನ್ನಡ ಮನೆಗಳಲ್ಲಿ ಊರಿಗೆ ಹೊರಡುವ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಬೀದರಿನ ಬಸ್ಸು ಎಷ್ಟು ಹೊತ್ತಿಗೆಂಬುದಲ್ಲ. ಗಂಟುಮೂಟೆ, ಮಕ್ಕಳೊಡನೆ ಇಮ್ಲಿಬನ್ ನಿಲ್ದಾಣ ಮುಟ್ಟುವುದು ಹೇಗೆಂಬುದು. ದೂರದ ಪ್ರಯಾಣ ಸುಲಭ, ಹತ್ತಿರದ್ದೇ ಕಷ್ಟ! ಸರ್ಕಾರದ ಸಾರಿಗೆ ಯೋಜನೆಗಳನ್ನು ಈ ಒಂದು ಮಾತಿನ ಒರೆಗೆ ಹಚ್ಚಿ ನೋಡೋಣ.

ಈ ನಾಡಿಗೆ ಸಾರ್ವಜನಿಕ ಸಾರಿಗೆ ಹೊಸದೇನಲ್ಲ. ಬೀದರ, ಗುಲ್ಬರ್ಗ, ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ೧೯೩೨ರಲ್ಲಿ, ನಿಜಾಮರ ರೈಲ್ವೆಯೇ ೨೭ ವಾಹನಗಳೊಡನೆ ರಸ್ತೆ ಸಾರಿಗೆ ಆರಂಭಿಸಿತು. ರೈಲೂ ಬಸ್ಸೂ ಒಂದೇ ಆಡಳಿತದ ಕೈಯಲ್ಲಿದ್ದುವು. ಇಂದು ಬಸ್ಸಿಗೊಂದು ಸಂಸ್ಥೆ, ಎಂ.ಎಂ.ಟಿ.ಎಸ್. ರೈಲಿಗೆ ಇನ್ನೊಂದು, ಮೆಟ್ರೋಗೆ ಮತ್ತೊಂದು. ಪ್ರಯಾಣಿಕ ಮಾತ್ರ ಒಬ್ಬನೇ.

ಫಲವೇನು? ೨೦೧೭ರ ನವೆಂಬರಿನಲ್ಲಿ ಆರಂಭವಾದ ಮೆಟ್ರೋ ೨೦೨೦ರ ಹೊತ್ತಿಗೆ ಮೂರು ಮಾರ್ಗಗಳಲ್ಲಿ ೬೯ ಕಿಲೋಮೀಟರು ಹಬ್ಬಿತು, ಇ.ಸಿ.ಐ.ಎಲ್. ಚೌರಸ್ತೆಯ ಕಡೆಗೆ ಮುಖ ಮಾಡಲಿಲ್ಲ. ಅದನ್ನು ಹಿಡಿಯಲು ನಾವು ತಾರ್ನಾಕಕ್ಕೋ ಹಬ್ಸಿಗೂಡಕ್ಕೋ ಹೋಗಬೇಕು. ೨೦೨೫ರ ಜನವರಿ ೬ರಂದು ನಮ್ಮ ಮಗ್ಗುಲಲ್ಲೇ ಚರ್ಲಪಲ್ಲಿ ಟರ್ಮಿನಲ್ ಉದ್ಘಾಟನೆಯಾಯಿತು. ಸುಮಾರು ೪೧೩ ಕೋಟಿ ರೂಪಾಯಿಯ ಭವ್ಯ ಕಟ್ಟಡ, ಸಂತೋಷವೇ. ಆದರೆ ನಿಲ್ದಾಣ ಮೊದಲು ಬಂತು, ಅದಕ್ಕೆ ಹೋಗುವ ಅಗಲ ರಸ್ತೆಯ ಯೋಚನೆ ಆಮೇಲೆ. ಮದುವೆ ಮುಗಿದ ಮೇಲೆ ಚಪ್ಪರ ಹಾಕಿದಂತೆ!

ಉಚಿತ ಪ್ರಯಾಣದ ಮಾತನ್ನೂ ಹೇಳಬೇಕು. ಕರ್ನಾಟಕದ 'ಶಕ್ತಿ' ಯೋಜನೆ ೨೦೨೩ರ ಜೂನ್ ೧೧ರಂದು, ತೆಲಂಗಾಣದ 'ಮಹಾಲಕ್ಷ್ಮಿ' ಅದೇ ವರ್ಷ ಡಿಸೆಂಬರ್ ೯ರಂದು ಬಂದುವು. ಮನೆಗೆಲಸಕ್ಕೆ, ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಉಳಿಯುವ ಹಣ ಸಣ್ಣದಲ್ಲ. ಇದನ್ನು ಹಗುರವಾಗಿ ಆಡಿಕೊಳ್ಳುವವರೊಡನೆ ನಾನು ಸೇರಲಾರೆ. ನನ್ನ ಆಕ್ಷೇಪ ಬೇರೆ. ಟಿಕೀಟು ಉಚಿತವಾದಾಗ ಬಸ್ಸುಗಳೂ ಅಷ್ಟೇ ವೇಗದಿಂದ ಹೆಚ್ಚಬೇಕು. ಇಲ್ಲವಾದರೆ ಮೆಟ್ಟಿಲ ಮೇಲೆ ನೇತಾಡುವ ಸ್ವಾತಂತ್ರ್ಯವಷ್ಟೇ ಸಿಕ್ಕಂತೆ. ಇನ್ನೊಂದು ವಿಚಿತ್ರ: ಎರಡೂ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಮಗಳ ಬಾಣಂತನಕ್ಕೆಂದು ಕಲಬುರಗಿಯಿಂದ ಬಂದ ತಾಯಿ ಇಲ್ಲಿ ಪರದೇಶಿ. ತವರಿಗೆ ಹೋದ ಮಗಳು ಅಲ್ಲಿ ಪರದೇಶಿ. ಎರಡು ಸರ್ಕಾರಗಳು ಕೂತು ಮಾತಾಡಿದರೆ ಬಗೆಹರಿಯದ ವಿಷಯವೇ ಇದು?

ಕುಷಾಯಿಗೂಡದಲ್ಲಿ ಬಸ್ಸಿನ ಡಿಪೋ ಇದೆ. ಸಿಕಂದರಾಬಾದಿಗೆ ಬಸ್ಸೇ ಇಲ್ಲವೆಂದರೆ ಸುಳ್ಳಾದೀತು. ಬೇಕಾದುದು ಕೂಡಿಸುವ ಬುದ್ಧಿ. ರಾತ್ರಿ ರೈಲು ಬಂದಾಗ ಹೊರಗೊಂದು ಬಸ್ಸು ಕಾದಿರಲಿ. ಬಸ್ಸು, ರೈಲು, ಮೆಟ್ರೋ ಮೂರಕ್ಕೂ ಒಂದೇ ಟಿಕೀಟಿರಲಿ. ಕಟ್ಟಡಕ್ಕೆ ಮುಂಚೆ ರಸ್ತೆಯೂ ಕಾಲುದಾರಿಯೂ ಆಗಲಿ. ಇವು ಯಾವುವೂ ಕೋಟಿಗಟ್ಟಲೆ ವೆಚ್ಚದ ಉದ್ಘಾಟನೆಗೆ ಒದಗುವ ಕೆಲಸಗಳಲ್ಲ. ಬಹುಶಃ ಅದಕ್ಕೇ ಹಿಂದೆ ಬಿದ್ದಿವೆ. ನಮ್ಮ ಸಂಘದ ಬಾಂಧವರು ತೆಲುಗು ನೆರೆಹೊರೆಯವರೊಡನೆ ಕೂಡಿ ಈ ಮೂರನ್ನು ಬರೆದು ಕೇಳಬೇಕು. ಬಸ್ಸಿಗೆ ಕಾಯುವಾಗ ನಾವೆಲ್ಲ ಒಂದೇ ಸಾಲಿನಲ್ಲಿ ನಿಂತವರಲ್ಲವೇ?