ಲಜ್ಜೆಯ ಭಾರ ಯಾರದು? ಸಂಕವ್ವೆ, ಚೋಖಾಮೇಳ, ಕಾನ್ಹೋಪಾತ್ರಾ

ವಚನವು ದಿಟ್ಟತನದ ಮಾತು, ಮರಾಠಿ ಅಭಂಗವು ಆರ್ತತೆಯ ಮಾತು ಎಂದು ಬೇರ್ಪಡಿಸಿ ನೋಡುವ ರೂಢಿಯೊಂದು ನಮ್ಮ ವಿಮರ್ಶೆಯಲ್ಲಿ ಬೆಳೆದುಬಂದಿದೆ. ಶರಣರು ಪ್ರಶ್ನಿಸಿದರು, ಸಂತರು ಮೊರೆಯಿಟ್ಟರು ಎಂಬುದು ಈ ರೂಢಿಯ ಸಾರ. ಈ ವಿಭಜನೆ ಎಷ್ಟರಮಟ್ಟಿಗೆ ಸಮರ್ಥನೀಯ ಎಂಬುದನ್ನು ಸಮಾಜದ ಕಳಂಕಕ್ಕೆ ಗುರಿಯಾದ ಮೂವರ ರಚನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ. ಅವರು 12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆ, 14ನೆಯ ಶತಮಾನದ ಚೋಖಾಮೇಳ ಮತ್ತು 15ನೆಯ ಶತಮಾನದ ಕಾನ್ಹೋಪಾತ್ರಾ.

ಈ ಮೂವರನ್ನು ಒಂದೆಡೆ ತರಲು ಭೂಗೋಳದ ಆಧಾರವೂ ಇದೆ. ಇಂದು ಸೋಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆಯೇ ನಮ್ಮ ಮಂಗಳವಾಡ. ಹರಿಹರನ ರಗಳೆಯ ಪ್ರಕಾರ ಬಸವಣ್ಣನವರು ಬಿಜ್ಜಳನ ಸೇವೆಗೆ ಸೇರಿದ್ದು ಇಲ್ಲಿಯೇ. ಚೋಖಾಮೇಳ ಬಾಳಿದ್ದು ಈ ಊರಿನಲ್ಲಿ. 1338ರಲ್ಲಿ ಗೋಡೆ ಕುಸಿದು ಅವನು ಮಡಿದದ್ದೂ ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಕಾನ್ಹೋಪಾತ್ರಾ ಹುಟ್ಟಿದ್ದು ಇದೇ ಊರಿನ ಗಣಿಕೆಯೊಬ್ಬಳ ಮಗಳಾಗಿ. ವಿಠ್ಠಲನ ಕನ್ನಡ ಮೂಲವನ್ನು ರಾ. ಚಿಂ. ಢೇರೆಯವರು 1984ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ ಮೇಲೆ, ಈ ಪ್ರದೇಶವನ್ನು ಒಂದೇ ಭಾಷೆಯ ಸಾಹಿತ್ಯಚರಿತ್ರೆಯೊಳಗೆ ಕಟ್ಟಿಹಾಕುವುದು ಸಾಧ್ಯವಿಲ್ಲ.

ಸಂಕವ್ವೆಯದೆಂದು ನಮಗೆ ಉಳಿದಿರುವುದು ಒಂದೇ ಒಂದು ವಚನ. ಅದರ ಕಟ್ಟಡ ಬಹು ಸರಳ. ಒಬ್ಬನಿಂದ ಒತ್ತೆಯನ್ನು ಪಡೆದಿರುವಾಗ ಇನ್ನೊಬ್ಬನ ಒತ್ತೆಯನ್ನು ಮುಟ್ಟಲಾರೆ ಎಂಬುದು ಮೊದಲ ಮಾತು. ಹಾಗೆ ಮಾಡಿದರೂ, ವ್ರತಗೆಟ್ಟವನೆಂದು ತಿಳಿದೂ ಕೂಡಿದರೂ ಒದಗುವ ಘೋರ ಶಿಕ್ಷೆ ಆಮೇಲಿನ ಮಾತು. ಕೊನೆಯಲ್ಲಿ ತಿಳಿದವಳ ಖಚಿತ ನಿರಾಕರಣೆ. ಇದನ್ನು ಕಾಯಕನಿಷ್ಠೆಯ ಉದಾಹರಣೆಯಾಗಿ ಓದುವುದು ವಾಡಿಕೆ. ಆ ಓದು ತಪ್ಪಲ್ಲ, ಆದರೆ ಸಾಲದು. 'ಒತ್ತೆ' ಎಂಬ ಪದಕ್ಕೆ ಸೂಳೆಗೆ ಸಲ್ಲುವ ಹಣ ಎಂಬ ಅರ್ಥವಿರುವಂತೆ ಅಡವು ಎಂಬ ಅರ್ಥವೂ ಇದೆ. ಆದುದರಿಂದ ಕಸುಬಿನ ಕಟ್ಟಳೆಯೇ ಇಲ್ಲಿ ವ್ರತದ ಕಟ್ಟಳೆಯಾಗಿ ಮಾರ್ಪಡುತ್ತದೆ. ತನ್ನನ್ನು ಈಗಾಗಲೇ ಒಬ್ಬನಿಗೆ ಒತ್ತೆಯಿಟ್ಟವಳು ಇನ್ನೊಬ್ಬನವಳಾಗಲಾರಳು. ಕಳಂಕದ ಭಾಷೆಯನ್ನು ಸಂಕವ್ವೆ ತೊರೆಯುವುದಿಲ್ಲ. ಅದರಲ್ಲಿಯೇ ನಿಂತು ಮಾತನಾಡುತ್ತಾಳೆ.

ಅವಳ ಅಂಕಿತ 'ನಿರ್ಲಜ್ಜೇಶ್ವರ' ಎಂಬುದು ಇನ್ನೂ ಗಮನಾರ್ಹ. ನಿರ್ಲಜ್ಜೆ ಎಂಬುದು ಸಮಾಜ ಅವಳಿಗೆ ಹಚ್ಚಿದ ಬೈಗುಳ. ಆ ಬೈಗುಳವನ್ನು ಆಕೆ ದೇವರ ಹೆಸರಾಗಿ ಎತ್ತಿ ಹಿಡಿದಿದ್ದಾಳೆ. ನಾಚಿಕೆಗೆಟ್ಟವರಿಗೂ ಈಶ್ವರನಾದವನು ಎಂದಾಗಲಿ, ಲಜ್ಜೆಯೆಂಬ ಲೋಕದ ಅಳತೆಯನ್ನು ಮೀರಿದವನು ಎಂದಾಗಲಿ ಅದನ್ನು ಬಿಡಿಸಬಹುದು. ಹೇಗೆ ಬಿಡಿಸಿದರೂ ಲಜ್ಜೆಯು ಅವಳನ್ನು ಅಳೆಯುವ ಕೋಲಾಗಿ ಉಳಿಯುವುದಿಲ್ಲ.

ಕಾನ್ಹೋಪಾತ್ರಾಳ ಸನ್ನಿವೇಶ ಬೇರೆಯದು. ತಾಯಿಯ ವೃತ್ತಿಯನ್ನು ಒಲ್ಲದೆ ವಾರಕರಿಗಳೊಡನೆ ಪಂಢರಪುರಕ್ಕೆ ಹೋದವಳನ್ನು ಬೀದರದ ಬಾದಶಹನು ತನ್ನಲ್ಲಿಗೆ ಕರೆತರಲು ಸೈನಿಕರನ್ನು ಕಳುಹಿಸಿದನೆಂದೂ, ಕಡೆಯ ದರ್ಶನವನ್ನು ಬೇಡಿ ಒಳಹೋದವಳು ವಿಠ್ಠಲನ ಪಾದದಲ್ಲಿ ಪ್ರಾಣಬಿಟ್ಟಳೆಂದೂ ಸಂತಚರಿತ್ರೆಗಳು ಹೇಳುತ್ತವೆ. ಅವಳ ಹೆಸರಿನಲ್ಲಿ ಸುಮಾರು ಮೂವತ್ತು ರಚನೆಗಳು ಉಳಿದಿವೆ. ಅವುಗಳಲ್ಲಿ ಹುಲಿಯ ಬಾಯಿಗೆ ಸಿಕ್ಕ ಮರಿಯ ದೈನ್ಯವಿದೆ, ತಾನು ಕೀಳು ಜಾತಿಯವಳೆಂಬ ನಿವೇದನೆಯಿದೆ. ಮೇಲುನೋಟಕ್ಕೆ ಇದು ಆರ್ತತೆಯೇ ಸರಿ. ಆದರೆ ಆ ಮೊರೆಯ ಒಳಗೆ ಒಂದು ವಾದ ಅಡಗಿದೆ. ಪತಿತಪಾವನನೆಂದು ಕರೆಸಿಕೊಳ್ಳುವವನು ದೇವರು. ಅವನವಳೆನಿಸಿಕೊಂಡ ಮೇಲೆ ಆಕೆಯನ್ನು ಅನ್ಯರು ಎಳೆದೊಯ್ದರೆ, ಸಿಂಹದ ಆಹಾರವನ್ನು ನರಿ ಒಯ್ದಂತೆ, ಮಾನ ಹೋಗುವುದು ದೇವರದೇ. ಅಂದರೆ ಸಂಕವ್ವೆ ಇಲ್ಲವಾಗಿಸಿದ ಲಜ್ಜೆಯನ್ನು ಕಾನ್ಹೋಪಾತ್ರಾ ದೇವರ ತಲೆಯ ಮೇಲೆ ಹೊರಿಸುತ್ತಾಳೆ. ಅವಳದು ಬಿರುದನ್ನು ತೋರಿಸಿ ಬಾಧ್ಯತೆಯನ್ನು ಕೇಳುವ ಭಕ್ತಿ. ಬೇಡುವವಳ ದನಿಯಲ್ಲಿ ಸಾಲಕೊಟ್ಟವಳ ಹಕ್ಕು ಕೇಳಿಸುತ್ತದೆ.

1762ರಲ್ಲಿ ಮಹೀಪತಿ ರಚಿಸಿದ 'ಭಕ್ತವಿಜಯ'ದಂತಹ ಚರಿತ್ರೆಗಳಲ್ಲಿ ಅವಳ ಸಾವು ಐಕ್ಯದ ಪವಾಡವಾಗಿದೆ. ಪವಾಡದ ಪ್ರಭೆಯಲ್ಲಿ ಬಾಗಿಲಲ್ಲಿ ನಿಂತ ಸೈನಿಕರು ಮರೆಯಾಗುತ್ತಾರೆ. ರಚನೆಗಳನ್ನು ಓದುವಾಗ ಆ ಸೈನಿಕರನ್ನು ಮರೆಯದಿರುವುದು ವಿಮರ್ಶಕನ ಕರ್ತವ್ಯ. ಸಂಕವ್ವೆಯ ಹಿಂದೆ ಅವಳನ್ನು ಶರಣೆಯೆಂದು ಒಪ್ಪಿದ ಒಂದು ಸಮೂಹವಿತ್ತು. ಕಾನ್ಹೋಪಾತ್ರಾಳಿಗೆ ವಿಗ್ರಹವಲ್ಲದೆ ಬೇರೆ ಆಸರೆಯಿರಲಿಲ್ಲ. ದನಿಯ ಏರಿಳಿತ ಈ ಅಂತರದಿಂದ ಹುಟ್ಟಿದ್ದು. ಅದನ್ನೇ ನಂಬಿಕೆಯ ಬಲಾಬಲದ ಅಳತೆಯೆಂದು ಭಾವಿಸುವುದು ಅವಸರದ ತೀರ್ಮಾನವಾಗುತ್ತದೆ.

ಚೋಖಾಮೇಳನಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಮಹಾರನಾಗಿ ಹುಟ್ಟಿದ ಅವನಿಗೆ ದೇವಾಲಯದ ಒಳಗೆ ಪ್ರವೇಶವಿರಲಿಲ್ಲ. ಕಬ್ಬಿನ ಡೊಂಕನ್ನು ಅದರ ರಸಕ್ಕೆ ಅಂಟಿಸಲೊಪ್ಪದ ಅವನ ಅಭಂಗ ಪ್ರಸಿದ್ಧವಾದುದು. ಆದರೆ ತನ್ನ ಹುಟ್ಟನ್ನು ಪೂರ್ವಕರ್ಮದ ಫಲವೆಂದು ಒಪ್ಪಿಕೊಳ್ಳುವ ರಚನೆಗಳೂ ಅವನವೇ. ಈ ಎರಡನ್ನೂ ಕೂಡಿಯೇ ಓದಬೇಕು. ಒಂದನ್ನು ಆಯ್ದು ಅವನನ್ನು ಬಂಡಾಯಗಾರನನ್ನಾಗಿಸುವುದಾಗಲಿ, ಇನ್ನೊಂದನ್ನು ಆಯ್ದು ಶರಣಾಗತನನ್ನಾಗಿಸುವುದಾಗಲಿ ಪಠ್ಯಕ್ಕೆ ಮಾಡುವ ಅನ್ಯಾಯ. ಪ್ರಶ್ನೆ ಹರಿತವಾಗುವುದು ಅವನ ಮನೆಯೊಳಗೇ ಎಂಬುದು ಗಮನಿಸಬೇಕಾದ ಸಂಗತಿ. ಮೈಲಿಗೆ ಹುಟ್ಟುವುದು ದೇಹದಲ್ಲಿಯೇ ಎಂದಾದರೆ ದೇಹ ತಾಳಿದವರಲ್ಲಿ ಮಡಿಯಾದವರು ಯಾರು ಎಂಬ ತರ್ಕ ಹೆಂಡತಿ ಸೋಯರಾಬಾಯಿಯದು. ಮಗ ಕರ್ಮಮೇಳನಲ್ಲಿ ತಂದೆಯ ಸಮಾಧಾನ ಕಾಣುವುದಿಲ್ಲ, ನೇರವಾದ ಆಕ್ಷೇಪವೇ ಇದೆ. ಒಂದು ಪೀಳಿಗೆಯ ನಂಬಿಕೆ ಮುಂದಿನ ಪೀಳಿಗೆಗೆ ಮಾತನಾಡುವ ಧೈರ್ಯವನ್ನು ಕೊಟ್ಟಿತೆಂದು ಇದನ್ನು ನಾವು ಅರ್ಥೈಸಬಹುದು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ನಂಬಿಕೆಯ ಈ ಬಲ ಲೋಕದಲ್ಲಿ ಏನನ್ನು ಬದಲಿಸಿತು? ಚೋಖಾಮೇಳನ ಸಮಾಧಿ ಪಂಢರಪುರದ ಮಹಾದ್ವಾರದ ಮುಂದಿದೆ. ಭಕ್ತರು ಅದಕ್ಕೆ ನಮಿಸಿ ಒಳಗೆ ಹೋಗುತ್ತಾರೆ. ಆದರೆ ಅವನ ಜನರಿಗೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ತರುವಾಯ. ಸಂತರು ಸಾರಿದ್ದು ದೇವರ ಮುಂದಿನ ಸಮಾನತೆಯನ್ನೇ ಹೊರತು ಮನುಷ್ಯರ ನಡುವಿನ ಸಮಾನತೆಯನ್ನಲ್ಲ ಎಂದು ಅಂಬೇಡ್ಕರ್ 1936ರ 'ಜಾತಿವಿನಾಶ'ದಲ್ಲಿ ವಾದಿಸಿದ್ದರು. ಈ ಮಾತಿನ ತೂಕವನ್ನು ಯಾವ ಭಕ್ತಿವಿಮರ್ಶೆಯೂ ತಳ್ಳಿಹಾಕಲಾರದು. ಆದರೆ ಅದೇ ಅಂಬೇಡ್ಕರ್ ಅಸ್ಪೃಶ್ಯತೆಯ ಮೂಲವನ್ನು ಕುರಿತ ತಮ್ಮ 1948ರ ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ಸ್ಮೃತಿಗೆ ಅರ್ಪಿಸಿದರು. ಭಕ್ತಿಯಿಂದ ವ್ಯವಸ್ಥೆ ಮುರಿಯಲಿಲ್ಲವೆಂಬ ಅರಿವೂ, ಆ ವ್ಯವಸ್ಥೆಯೊಳಗೆ ಮುರಿಯದೆ ನಿಂತವರ ಬಗೆಗಿನ ಗೌರವವೂ ಒಬ್ಬರಲ್ಲಿಯೇ ಕೂಡಿರುವುದನ್ನು ಇಲ್ಲಿ ಕಾಣುತ್ತೇವೆ. ನಮ್ಮ ವಿಮರ್ಶೆಗೆ ಬೇಕಾದ ನಿಲುವು ಇದೇ ಎಂದು ನಾವು ಭಾವಿಸುತ್ತೇವೆ.

ಹೀಗೆ ನೋಡಿದಾಗ ದಿಟ್ಟತನ ಮತ್ತು ಆರ್ತತೆ ಎಂಬ ಭಾಷಾವಾರು ವಿಂಗಡಣೆ ನಿಲ್ಲುವುದಿಲ್ಲ. ಲಜ್ಜೆಯ ಭಾರವನ್ನು ಒಬ್ಬಳು ಇಳಿಸಿಬಿಟ್ಟಳು, ಒಬ್ಬಳು ದೇವರಿಗೆ ಹೊರಿಸಿದಳು, ಒಬ್ಬನು ಹೊತ್ತುಕೊಂಡೇ ಹಾಡಿದನು. ಅವರಲ್ಲಿ ಯಾರೂ ತಮ್ಮ ಹುಟ್ಟನ್ನು, ಕಸುಬನ್ನು ಮುಚ್ಚಿಡಲಿಲ್ಲ. ದೌರ್ಬಲ್ಯವೆಂದು ಲೋಕ ಕರೆದ ನೆಲೆಯಿಂದಲೇ ಮಾತನಾಡಿದರು. ಪುಣೆ, ಮುಂಬಯಿ, ಸೋಲಾಪುರಗಳಲ್ಲಿ ಎರಡೂ ಭಾಷೆಗಳನ್ನು ಬಲ್ಲ ಕನ್ನಡ ಸಂಶೋಧಕರಿಗೆ ಈ ರಚನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅನುಕೂಲವಿದೆ. ಮಂಗಳವೇಢೆಯಂತಹ ಒಂದೊಂದು ಊರನ್ನೇ ಘಟಕವಾಗಿ ಹಿಡಿದು ಅಧ್ಯಯನ ನಡೆದರೆ, ಎರಡು ಸಾಹಿತ್ಯಚರಿತ್ರೆಗಳು ತಂತಮ್ಮ ಗಡಿಯಾಚೆಗೆ ಬಿಟ್ಟುಕೊಟ್ಟ ದನಿಗಳು ಮತ್ತೆ ಕೇಳಿಸಲಾರವೆ?